ಎಫುವಾ ಮೇಡಂ ತೋರಿಸಿದ ಸಮುದ್ರ

ಎಫುವಾ ಆನ್ಸಾ ಯಲಹಂಕಕ್ಕೆ ಬಂದಿಳಿದಾಗ ಅದು ಅವಳ ನಾಲ್ಕನೆಯ ಪರದೇಶ. ಘಾನಾ ದೇಶದ ಕಡಲಂಚಿನ ಮೀನುಗಾರರ ಊರೊಂದರಲ್ಲಿ ಹುಟ್ಟಿದವಳು. ಒಮಾನ್, ಜಾರ್ಜಿಯಾ, ಮಲೇಷ್ಯಾಗಳಲ್ಲಿ ಮಕ್ಕಳಿಗೆ ಭೂಗೋಳ ಕಲಿಸಿ, ಈಗ ದೊಡ್ಡಬಳ್ಳಾಪುರ ರಸ್ತೆಯ ಒಂದು ಇಂಟರ್‌ನ್ಯಾಷನಲ್ ಶಾಲೆಗೆ ಟೀಚರಾಗಿ ಬಂದಿದ್ದಳು. ಹೊಸ ಊರಿನಲ್ಲಿ ಮನೆ ಹುಡುಕುವುದು ಅವಳಿಗೆ ಹೊಸದಲ್ಲ. ಆದರೆ ಇಲ್ಲಿ ಬ್ರೋಕರ್ ಫೋನಿನಲ್ಲಿ ‘ಖಾಲಿ ಇದೆ, ಬನ್ನಿ ಮೇಡಂ’ ಎಂದ ಮನೆಗಳೆಲ್ಲ ಅವಳ ಮುಖ ಕಂಡೊಡನೆ ‘ನಿನ್ನೆ ತಾನೇ ಕೊಟ್ಬಿಟ್ವಿ’ ಆಗಿಬಿಡುತ್ತಿದ್ದವು. ಎಫುವಾ ಜಗಳ ಆಡಲಿಲ್ಲ, ಕುಗ್ಗಲೂ ಇಲ್ಲ. ಬ್ರೋಕರನ ಬೈಕಿನ ಹಿಂದೆ ಕೂತು, ‘ನೆಕ್ಸ್ಟ್’ ಎಂದಷ್ಟೇ ಹೇಳುತ್ತಿದ್ದಳು.

ಹಾಗೆ ಸಿಕ್ಕಿದ್ದು ಪುಟ್ಟೇನಹಳ್ಳಿ ಕೆರೆಯ ಹತ್ತಿರ ವೆಂಕಟಲಕ್ಷ್ಮಮ್ಮನ ಕಟ್ಟಡದ ಮೇಲಿನ ಮನೆ. ಒಂದು ಕಾಲಕ್ಕೆ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ನಿಂತಿದ್ದವು. ಗಂಡ ಚಿಕ್ಕಬೈರಪ್ಪ, ಕಟ್ಟಡಗಳ ಕಂಟ್ರ್ಯಾಕ್ಟ್ ಹಿಡಿಯುವ ಮಗ ಅಶ್ವತ್ಥ್, ಸೊಸೆ, ಮೊಮ್ಮಕ್ಕಳು ಎಲ್ಲ ಕೆಳಗಿನ ಮನೆಯಲ್ಲೇ ಇದ್ದರು. ವೆಂಕಟಲಕ್ಷ್ಮಮ್ಮ ಎಫುವಾಳನ್ನು ಕಾಲಿಂದ ತಲೆಯವರೆಗೆ ನೋಡಿ ಬ್ರೋಕರನನ್ನು ಕೇಳಿದಳು.

“ಏನ್ ಕೆಲ್ಸ ಮಾಡ್ತದೆ ಈವಮ್ಮ?”

“ಟೀಚರ್ ಅಮ್ಮಾ.”

“ಅಂಗಾರೆ ಇರ್ಲಿ ಬುಡು.”

ಎಫುವಾ ಕನ್ನಡ ಕಲಿತದ್ದು ಈ ಮನೆಯೊಡತಿಯಿಂದಲೇ. ಸೊಪ್ಪು ಬಿಡಿಸುತ್ತ, ಬಟ್ಟೆ ಒಣಗಿಸುತ್ತ ಕಲಿತ ಕನ್ನಡ. ಅದರಲ್ಲಿ ಹಕಾರವೇ ಇರಲಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಅವಳು “ನಾನು ಓಗ್ಬೇಕು, ಅಸಿವಾಗ್ತೈತೆ” ಎಂದಾಗ ಕನ್ನಡದ ಟೀಚರ್ ಸ್ಮಿತಾ ನಕ್ಕು ತಿದ್ದಲು ಹೋದಳು. “ನಮ್ಮ ಓನರಮ್ಮ ಇಂಗೇ ಅನ್ನೋದು,” ಎಂದು ಎಫುವಾ ಚೀಲ ಹೆಗಲಿಗೇರಿಸಿ ಹೊರಟಳು. ತಿದ್ದಿಕೊಳ್ಳುವ ಇರಾದೆ ಅವಳಿಗಿರಲಿಲ್ಲ.

ರಜೆ ಸಿಕ್ಕಿತೆಂದರೆ ಸಾಕು, ಎಫುವಾ ರೈಲು ಹತ್ತುತ್ತಿದ್ದಳು. ಬಾದಾಮಿ, ಮಧುರೈ, ಕಚ್ಛ್, ಕೋಲ್ಕತ್ತಾ. ಊರಿಗೆ ಮರಳಿದ ದಿನ ವೆಂಕಟಲಕ್ಷ್ಮಮ್ಮ ಸಾರಿನ ಬಟ್ಟಲು ಹಿಡಿದು ಮೇಲೆ ಬಂದು, ಕುರ್ಚಿ ಎಳೆದುಕೊಂಡು, “ಊಂ, ಏಳು, ಏನೇನ್ ನೋಡ್ದೆ?” ಎನ್ನುತ್ತಿದ್ದಳು. ಎಫುವಾ ಫೋನಿನಲ್ಲಿ ಒಂದೊಂದೇ ಫೋಟೊ ತೋರಿಸಬೇಕು, ಅವಳು ಒಂದೊಂದಕ್ಕೂ ಪ್ರಶ್ನೆ ಹಾಕಬೇಕು. ಅಲ್ಲಿ ದನ ಏನು ತಿಂತಾವೆ, ಎಂಗಸ್ರು ಒಲಕ್ಕೆ ಓಗ್ತಾರಾ, ಇಷ್ಟು ಮರಳಿನಲ್ಲಿ ಮನೆಗೆ ಪಾಯ ಎಂಗೆ ತೆಗೀತಾರೆ. ಎಫುವಾಳ ತರಗತಿಯಲ್ಲಿ ಅಂಥ ಪ್ರಶ್ನೆ ಕೇಳುವ ಮಕ್ಕಳು ಅಪರೂಪ.

ಎರಡನೆಯ ವರ್ಷ ಎಫುವಾ ಪುರಿಯಿಂದ ಬಂದಾಗ ವೆಂಕಟಲಕ್ಷ್ಮಮ್ಮ ಅಲೆಗಳ ವೀಡಿಯೋವನ್ನು ಮತ್ತೆ ಮತ್ತೆ ಹಾಕಿಸಿದಳು. ಆಮೇಲೆ, “ಈ ಸದ್ದು ನಿಲ್ಲೋದೇ ಇಲ್ವಾ?” ಎಂದು ಕೇಳಿದಳು.

ಎಫುವಾಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ಅಮ್ಮ, ನೀವು ಸಮುದ್ರ ನೋಡೇ ಇಲ್ವಾ?”

“ಎಲ್ಲಿಂದ ನೋಡ್ಲಿ? ಮದ್ಲು ದನ ಇದ್ವು. ಆಮೇಲೆ ಬಾಡಿಗೆಯೋರು. ಇವರೆಲ್ಲ ದುಬೈಗೂ ಓಗ್ಬಂದ್ರು. ಮನೆ ನೋಡ್ಕೊಳ್ಳೋಕೆ ಒಬ್ರು ಬೇಕಲ್ಲ.”

ದೂರಿನ ಮಾತಲ್ಲ ಅದು, ಇದ್ದದ್ದನ್ನು ಇದ್ದಂತೆ ಹೇಳಿದ ಮಾತು. ಎಫುವಾ ಹುಟ್ಟಿದ ಮನೆಯ ಅಂಗಳದಿಂದಲೇ ಕಡಲು ಕಾಣುತ್ತಿತ್ತು. ಮುನ್ನೂರು ಚಿಲ್ಲರೆ ಕಿಲೋಮೀಟರಿನಾಚೆ ಇರುವ ತನ್ನ ನಾಡಿನ ಕಡಲನ್ನೇ ನೋಡದ ಹೆಂಗಸು ದಿನವೂ ತನ್ನ ಕೆಳಗಿನ ಮನೆಯಲ್ಲಿದ್ದಾಳೆ ಎಂಬುದು ಅವಳ ಮನಸ್ಸನ್ನು ಬಿಡಲಿಲ್ಲ. ಮರುದಿನವೇ ಯಶವಂತಪುರದಿಂದ ಕುಮಟಾಕ್ಕೆ ಎರಡು ಟಿಕೆಟ್ ತೆಗೆದಳು. ಶಿವರಾತ್ರಿಯ ಜೊತೆ ಸೇರಿ ಬಂದ ರಜೆಗೆ.

ಚಿಕ್ಕಬೈರಪ್ಪ, “ನೀರು ನೋಡಕ್ಕೆ ಅಷ್ಟು ದೂರ ಯಾಕೆ, ಮುಂದೇನೇ ಕೆರೆ ಇಲ್ವಾ?” ಎಂದು ಸುಮ್ಮನಾದ. ಅಶ್ವತ್ಥ್ ಸುಮ್ಮನಾಗಲಿಲ್ಲ.

“ಮೇಡಂ, ಕಾರ್ ಕೊಡ್ತೀನಿ, ಡ್ರೈವರ್ ಕಳಿಸ್ತೀನಿ. ರೈಲಲ್ಲಿ ಯಾಕೆ? ಅಮ್ಮಂಗೆ ಏನಾದ್ರೂ ಆದ್ರೆ? ಬೇಜಾರ್ ಮಾಡ್ಕೋಬೇಡಿ, ನೀವೂ ಈ ಕಡೆಯವ್ರಲ್ಲ.”

“ಅಶ್ವತ್ಥ್, ನಾನು ಮೂರು ದೇಶದಲ್ಲಿ ಮಕ್ಕಳನ್ನ ಟೂರಿಗೆ ಕರ್ಕೊಂಡ್ ಓಗಿದೀನಿ. ಎಲ್ಲಾರ್ನೂ ವಾಪಸ್ ಕರ್ಕೊಂಡ್ ಬಂದಿದೀನಿ. ನಿಮ್ಮಮ್ಮ ಅವ್ರಿಗಿಂತ ಒಳ್ಳೇವ್ರು, ಎಲ್ಲೂ ಓಡೋಗಲ್ಲ.”

“ಅವನ್ನೇನ್ ಕೇಳ್ತೀಯ?” ಎಂದಳು ವೆಂಕಟಲಕ್ಷ್ಮಮ್ಮ ಒಳಗಿನಿಂದ. “ನಾನು ಓಯ್ತೀನಿ.”

ರೈಲಿನಲ್ಲಿ ಎಲ್ಲರ ಕಣ್ಣು ಇವರಿಬ್ಬರ ಮೇಲೆ. ಎಫುವಾಗೆ ಅದು ರೂಢಿ. ವೆಂಕಟಲಕ್ಷ್ಮಮ್ಮ ಸೆರಗು ಹೊದ್ದು, ಕಿಟಕಿಗೆ ಮುಖ ಮಾಡಿ ಕೂತಿದ್ದಳು. ತುಮಕೂರು ದಾಟಿದ ಮೇಲೆ ಎದುರಿನ ಸೀಟಿನವನು, “ನೀಗ್ರೋದವ್ರ ಜೊತೆ ಧೈರ್ಯವಾಗಿ ಹೊರಟಿದೀರಲ್ಲಮ್ಮ?” ಎಂದ. ಎಫುವಾಗೆ ಕನ್ನಡ ಬರುತ್ತದೆಂದು ಅವನಿಗೆ ತಿಳಿಯದು.

ವೆಂಕಟಲಕ್ಷ್ಮಮ್ಮ ಡಬ್ಬಿ ತೆಗೆದು ಚಪಾತಿಯ ಸುರುಳಿಯೊಂದನ್ನು ಎಫುವಾಳ ಕೈಗಿಟ್ಟು, ಆಮೇಲೆ ಅವನತ್ತ ತಿರುಗಿದಳು. “ಇವ್ಳು ನಮ್ಮನೆ ಎಪುವಮ್ಮ. ನಿಮ್ಮಂಥೋರ ಮಕ್ಕಳಿಗೆ ಪಾಠ ಏಳೋ ಮೇಡಮ್ಮು. ಎಸ್ರಿಡ್ದು ಮಾತಾಡಿ.”

“ಎಲ್ಲಿಗೆ ಓಗ್ತಿದೀರಾ ಸಾರ್?” ಎಂದು ಎಫುವಾ ಅವನನ್ನೇ ಕೇಳಿದಳು. ಅವನ ಕಿವಿ ಕೆಂಪಾಯಿತು. ಹಾಸನದಲ್ಲಿ ಅವನೇ ಇಳಿದು ಎಲ್ಲರಿಗೂ ಕಾಫಿ ತಂದುಕೊಟ್ಟ.

ಘಟ್ಟದ ಸುರಂಗಗಳಲ್ಲಿ ವೆಂಕಟಲಕ್ಷ್ಮಮ್ಮ ಮಗುವಿನಂತೆ ಎಫುವಾಳ ಮೊಣಕೈ ಹಿಡಿದಳು, ಬೆಳಕು ಬಂದಾಗ ಬಿಟ್ಟಳು. ಕುಮಟಾ ತಲುಪಿದಾಗ ಸಂಜೆ ಕವಿದಿತ್ತು. ಎಫುವಾ ಫೋನಿನಲ್ಲೇ ಮಾತಾಡಿಟ್ಟಿದ್ದ ಲಾಡ್ಜಿನ ಮ್ಯಾನೇಜರ್ ಅವಳನ್ನು ಕಂಡು ರಿಜಿಸ್ಟರ್ ಮುಚ್ಚಿದ.

“ಫಾರಿನರ್ಸ್‌ಗೆ ನಮ್ಮಲ್ಲಿ ಕೊಡುವುದಿಲ್ಲ. ಪೊಲೀಸರ ರಗಳೆ.”

ಎಫುವಾ ಪಾಸ್‌ಪೋರ್ಟ್, ವೀಸಾ, ಶಾಲೆಯ ಐಡಿ ಎಲ್ಲ ಮುಂದಿಟ್ಟಳು. ಅವನು ತಲೆಯಾಡಿಸಿದ. ಅವಳಿಗೆ ಯಲಹಂಕದ ಬ್ರೋಕರನ ಬೈಕು ನೆನಪಾಯಿತು. ‘ನೆಕ್ಸ್ಟ್’ ಎಂದು ಚೀಲ ಎತ್ತಿಕೊಳ್ಳುವುದರಲ್ಲಿದ್ದಳು. ವೆಂಕಟಲಕ್ಷ್ಮಮ್ಮ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತೇಬಿಟ್ಟಳು.

“ಅಣ್ಣಾ, ನಾನೂ ಮನೆ ಬಾಡಿಗೆಗೆ ಕೊಡೋಳೇ. ಇವ್ಳು ಎರಡು ವರ್ಸದಿಂದ ನಮ್ಮನೇಲೇ ಅವ್ಳೆ. ಪರದೇಸದೋರು ಬಂದ್ರೆ ಅದೇನೋ ಸಿ ಫಾರಮ್ಮು ಅಂತ ಕಂಪ್ಯೂಟರ್ನಾಗೆ ಆಕ್ಬೇಕು, ಆಮೇಲೆ ಪೊಲೀಸ್ನೋರು ಯಾರೂ ಕೇಳಕಿಲ್ಲ. ನಿಂಗೆ ಗೊತ್ತಿಲ್ದಿದ್ರೆ ನನ್ ಮಗ ಏಳ್ಕೊಡ್ತಾನೆ. ತಡಿ.”

ಫೋನು ಹೊಡೆದಳು. “ಅಸ್ವತ್ತಾ, ಇಲ್ಲೊಬ್ರಿಗೆ ಆ ಫಾರಮ್ಮು ಏಳ್ಕೊಡಪ್ಪ.”

ಅಶ್ವತ್ಥ್ ರೇಗುತ್ತಾನೆಂದುಕೊಂಡಿದ್ದಳು ಎಫುವಾ. ಆದರೆ ಅವನ ದನಿ ಸ್ಪೀಕರಿನಲ್ಲಿ ತಣ್ಣಗೆ ಬಂತು. “ಸಾರ್, ಕಂಪ್ಯೂಟರ್ ಆನ್ ಮಾಡಿ. ನಾನು ಲೈನಲ್ಲೇ ಇರ್ತೀನಿ. ಅವ್ರು ನಮ್ಮನೆಯವ್ರು.” ಮ್ಯಾನೇಜರಿಗೂ ಆಸಕ್ತಿ ಬಂತು. ಎಷ್ಟೋ ಗಿರಾಕಿಗಳನ್ನು ಇದೇ ಭಯಕ್ಕೆ ಹಿಂದೆ ಕಳಿಸಿದ್ದೆ ಎಂದು ತಾನೇ ಹೇಳಿಕೊಂಡ. ಇಬ್ಬರೂ ಒಂದೊಂದೇ ಕಾಲಮ್ಮು ತುಂಬುತ್ತಿರುವಾಗ ವೆಂಕಟಲಕ್ಷ್ಮಮ್ಮ ಲಾಡ್ಜಿನ ಗೋಡೆ ಮುಟ್ಟಿ, ಉಪ್ಪುಗಾಳಿಗೆ ಎಂಥ ಬಣ್ಣ ಬಳಿದಿದ್ದಾರೆಂದು ನೋಡುತ್ತಿದ್ದಳು.

ಬೆಳಗ್ಗೆ ಆಟೋದಲ್ಲಿ ಕಡಲಿಗೆ ಹೋದರು. ದಿಣ್ಣೆ ಇಳಿದ ಕೂಡಲೆ ವೆಂಕಟಲಕ್ಷ್ಮಮ್ಮ ನಿಂತಳು. ಎಡದಿಂದ ಬಲಕ್ಕೆ ನೋಡಿದಳು, ಜಮೀನಿನ ಗಡಿ ಅಳೆಯುವವಳ ಹಾಗೆ.

“ಇದು ಯಾರ ಎಸ್ರಲ್ಲೈತೆ?”

“ಯಾರ ಎಸ್ರಲ್ಲೂ ಇಲ್ಲ ಅಮ್ಮ.”

“ಅದ್ಕೇ ಇಷ್ಟು ಚೆಂದಾಗಿ ಉಳ್ದೈತೆ.”

ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದಳು. ಎಫುವಾ ಪಕ್ಕದಲ್ಲೇ ನಿಂತು, ಅಲೆ ಬಂದಾಗ ಪಕ್ಕಕ್ಕೆ ತಿರುಗಬೇಕೆಂದು, ಮರಳು ಜಾರುವಾಗ ಹಿಮ್ಮಡಿ ಊರಬೇಕೆಂದು ತನ್ನ ತಾಯಿ ತನಗೆ ಹೇಳಿಕೊಟ್ಟಂತೆಯೇ ಹೇಳಿಕೊಟ್ಟಳು. ಮೂರನೆಯ ಅಲೆಗೆ ವೆಂಕಟಲಕ್ಷ್ಮಮ್ಮ ಅವಳ ಕೈ ಬಿಟ್ಟು ಒಂಟಿಯಾಗಿ ನಿಂತಳು. ಅಲೆ ಸೊಂಟದವರೆಗೆ ಒದ್ದೆ ಮಾಡಿತು, ಬೀಳಿಸಲಿಲ್ಲ. ಅವಳು ನಗುತ್ತಿದ್ದಳು, ಹಲ್ಲೆಲ್ಲ ಕಾಣುವಂತೆ.

ಮರಳಿನ ಮೇಲೆ ಕೂತು ಸೀರೆ ಒಣಗಿಸಿಕೊಳ್ಳುವಾಗ ಎಫುವಾ ಹೇಳಬೇಕಾದ್ದನ್ನು ಹೇಳಿದಳು. ಮೇ ತಿಂಗಳಿಗೆ ಶಾಲೆಯ ಒಪ್ಪಂದ ಮುಗಿಯುತ್ತದೆ, ವಿಯೆಟ್ನಾಮಿನಲ್ಲಿ ಕೆಲಸ ಸಿಕ್ಕಿದೆ, ಒಪ್ಪಿಕೊಂಡಿದ್ದೇನೆ.

ವೆಂಕಟಲಕ್ಷ್ಮಮ್ಮ ಕಾಲ ಬೆರಳಿನ ಸಂದಿಯ ಮರಳು ಕೊಡವಿದಳು. “ಅಲ್ಲಿ ಮನೆ ಕೊಡ್ತಾರಾ?”

“ಕೊಡ್ತಾರೆ. ಇಲ್ಲಾಂದ್ರೆ ಕೇಳಿ ತಗೊಂತೀನಿ.”

“ಊಂ. ನಿಂಗೇನು ಎದ್ರಿಕೆ. ಓಗು.” ಸೀರೆಯ ಅಂಚು ಹಿಂಡಿ, “ಬೇಜಾರಾಯ್ತದೆ. ಆದ್ರೂ ಓಗು,” ಎಂದಳು. ಎಫುವಾ ಕಣ್ಣೀರು ಒರೆಸಿಕೊಳ್ಳಲಿಲ್ಲ.

ಜೂನಿನಲ್ಲಿ ಇಡೀ ಮನೆಯವರು ಅವಳನ್ನು ಏರ್‌ಪೋರ್ಟಿಗೆ ಬಿಡಲು ಬಂದರು. ದಸರಾ ರಜೆಯ ಹೊತ್ತಿಗೆ ಹನೋಯಿಯ ಸ್ಟಾಫ್ ರೂಮಿನಲ್ಲಿ ಅವಳಿಗೆ ಅಶ್ವತ್ಥನ ಫೋನು ಬಂತು.

“ಮೇಡಂ, ಅಮ್ಮನ್ನ ನೀವು ಕೆಡಿಸ್ಬಿಟ್ರಿ. ಎದುರುಮನೆ ರೆಹಾನಾ ಆಂಟಿ, ಪಕ್ಕದ್ಮನೆ ಮುನಿಕೆಂಪಮ್ಮ, ಅಮ್ಮ, ಮೂವರೂ ಸೇರಿ ಕನ್ಯಾಕುಮಾರಿಗೆ ಹೊರಟವ್ರೆ. ಕಾರ್ ಬೇಡ್ವಂತೆ. ನಾನೇ ಟಿಕೆಟ್ ಮಾಡ್ಕೊಟ್ಟೆ.”

“ಮನೆ ನೋಡ್ಕೊಳ್ಳೋರು ಯಾರು?”

“ಇನ್ಯಾರು, ನಾನೇ,” ಎಂದ ಅಶ್ವತ್ಥ್. ಅವನ ದನಿಯಲ್ಲಿ ನಗುವಿತ್ತು. “ಇರಿ, ಕೊಡ್ತೀನಿ, ಮಾತಾಡ್ತಾರಂತೆ.”

ಎಫುವಾ ಎದ್ದು ಬಾಗಿಲ ಹೊರಗೆ ಹೋದಳು, ಗಟ್ಟಿಯಾಗಿ ಕನ್ನಡ ಮಾತಾಡಲು.