ಬಲೂನಿನ ಮೇಲೆ ಕತ್ತಿ

ಕಟಿಂಗ್ ಶಾಪಿನಲ್ಲಿ ಅವಳ ಪಾಲಿಗೆ ಬಂದದ್ದು ಟವಲಿನ ಕೆಲಸ. ಒಗೆಯುವುದು, ಬಿಸಿನೀರಿನಲ್ಲಿ ಅದ್ದಿ ಹಿಂಡುವುದು, ಹದವಾಗಿ ಮಡಿಸಿ ಮಗನ ಕೈಗೆ ಕೊಡುವುದು. ಬೀದಿಯವರೆಲ್ಲ ಅವಳನ್ನು ಟವಲಮ್ಮ ಎಂದೇ ಕರೆಯುತ್ತಿದ್ದರು. ಮಗನಿಗೆ ಇಟ್ಟ ಹೆಸರು ಬೆಣ್ಣೆಗೈ. ಅವನ ಕತ್ತಿ ಕೆನ್ನೆಯ ಮೇಲೆ ಓಡಿದ್ದು ಗಿರಾಕಿಗಳಿಗೆ ಗೊತ್ತೇ ಆಗುತ್ತಿರಲಿಲ್ಲ. ಕುರ್ಚಿಯಲ್ಲೇ ಗೊರಕೆ ಹೊಡೆದವರೂ ಉಂಟು. ಆ ಗೊರಕೆ ಕೇಳಿದರೆ ಟವಲಮ್ಮನಿಗೆ ಎಂಥದೋ ಹೆಮ್ಮೆ.

ದಿನಾ ಬಾಗಿಲು ತೆಗೆದ ಕೂಡಲೇ ಅವಳು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದಳು. ಕನ್ನಡಿಯ ಹಿಂದಿನ ಗೂಡಿನಿಂದ ಬಾಟಲಿ ತೆಗೆದು, ಒಂದು ಮುಚ್ಚಳ ಬ್ರಾಂದಿ ಅಳೆದು ಮಗನಿಗೆ ಕೊಡುವುದು. ಅದು ತೀರಿಹೋದ ಗಂಡ ಹಾಕಿಕೊಟ್ಟ ಪದ್ಧತಿ. ನೊರೆ ಹಚ್ಚಿದ ಬಲೂನನ್ನು ಒಡೆಯದೆ ಬೋಳಿಸಿ ಮಗ ಕೆಲಸ ಕಲಿತ ದಿನ ಗಂಡ ಹೇಳಿದ್ದ: "ಕೈ ಅಲುಗಬಾರದು ಅಂದ್ರೆ ಬೆಳಿಗ್ಗೆ ಒಂದು ಮುಚ್ಚಳ ಕೊಡು. ಅದೇ ನಮ್ಮ ಗುಟ್ಟು."

ಮುಚ್ಚಳ ಲೋಟವಾದದ್ದು ಯಾವಾಗ ಎಂದು ಅವಳಿಗೆ ನೆನಪಿಲ್ಲ. ಬೆಳಿಗ್ಗೆ ಎದ್ದರೆ ಮಗನ ಕೈ ಗಡಗಡ ನಡುಗುತ್ತಿತ್ತು. ಲೋಟ ಖಾಲಿಯಾದರೆ ನಿಲ್ಲುತ್ತಿತ್ತು. "ನೋಡಮ್ಮ, ಹೇಗೆ ನಿಂತುಬಿಡ್ತು!" ಎನ್ನುತ್ತಿದ್ದ. ಅವಳೂ ನಂಬಿದ್ದಳು.

ಒಂದು ದಿನ ಲೋಟವೂ ಸಾಲಲಿಲ್ಲ. ಹಳೆಯ ಗಿರಾಕಿ ಮೇಷ್ಟ್ರ ದವಡೆಯ ಕೆಳಗೆ ಕತ್ತಿ ಜಾರಿತು. ಬಿಳಿ ಟವಲು ಕೆಂಪಾಯಿತು.

"ಬೆಣ್ಣೆಗೈ ಅಂತ ಕುತ್ತಿಗೆ ಕೊಟ್ಟೆ ಕಣಯ್ಯ," ಎಂದರು ಮೇಷ್ಟ್ರು. "ಇನ್ನು ಗಡ್ಡ ಬಿಡ್ತೀನಿ. ಅದೇ ಕ್ಷೇಮ."

ಅವರು ಬಿಟ್ಟೇಬಿಟ್ಟರು. ಬೀದಿಯಲ್ಲಿ ಆ ಗಡ್ಡ ನಡೆದುಹೋದರೆ ಅಂಗಡಿಯ ಮಾನವೇ ನಡೆದುಹೋದಂತೆ ಆಗುತ್ತಿತ್ತು.

ಕತ್ತಿ ಜಾರಿದ ದಿನವೇ ಕನ್ನಡಿಯಲ್ಲಿ ಮಗನ ಕಣ್ಣಿನ ಬಿಳಿ ಹಳದಿಯಾಗಿ ಕಂಡಿತು. ಟ್ಯೂಬ್‌ಲೈಟಿನ ಬಣ್ಣವಿರಬೇಕು ಎಂದು ಅವಳು ಕನ್ನಡಿ ಒರೆಸಿದಳು. ಹಳದಿ ಹೋಗಲಿಲ್ಲ. ಕೆಳಗೆ ನೋಡಿದರೆ ಊದಿದ ಪಾದದ ಮೇಲೆ ಚಪ್ಪಲಿಯ ಪಟ್ಟಿ ಹೂತುಹೋಗಿತ್ತು. ಟವಲು ಕೆಳಗಿಟ್ಟು, ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಅವನ ಬಲಪಕ್ಕೆಯ ಕೆಳಗೆ ಒತ್ತಿ ನೋಡಿದರು. "ಕೈ ನಡುಗೋದು ಯಾವಾಗ?"

"ಕುಡಿಯೋಕೆ ಮುಂಚೆ. ಕುಡಿದ್ರೆ ನಿಲ್ಲುತ್ತೆ. ಅದಕ್ಕೇ ಕುಡಿಯೋದು."

"ನಡುಕ ತಂದಿದ್ದೇ ಅದು ಕಣಪ್ಪ. ಮೈ ಅದಕ್ಕೆ ಒಗ್ಗಿಹೋಗಿದೆ, ಸಿಗದೇ ಇದ್ರೆ ರಂಪ ಮಾಡುತ್ತೆ. ಲಿವರ್ ಊದಿಕೊಂಡಿದೆ. ಈಗ ಬಿಟ್ರೆ ಸುಧಾರಿಸಬಹುದು. ಹೀಗೇ ಮುಂದುವರಿದ್ರೆ ಗಟ್ಟಿಯಾಗಿಬಿಡುತ್ತೆ, ಆಮೇಲೆ ಮೊದಲಿನ ಹಾಗೆ ಮಾಡೋದು ಕಷ್ಟ."

"ಈಗಲೇ ಹೋಗಿ ಬಾಟಲಿ ಚೆಲ್ಲಿಬಿಡ್ತೀನಿ," ಎಂದು ಟವಲಮ್ಮ ಎದ್ದಳು.

"ಕೂತ್ಕೊಳ್ಳಿ ಅಮ್ಮ! ಇಷ್ಟು ಕುಡಿಯೋರು ಮನೇಲಿ ಏಕಾಏಕಿ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಇಲ್ಲೇ ಸೇರಿಸಿ. ನಾವು ನೋಡ್ಕೊಂಡು ಬಿಡಿಸ್ತೀವಿ."

ಅವಳು ಮತ್ತೆ ಕೂತಳು. "ಅಳೆದು ಕೊಟ್ಟಿದ್ದು ನಾನೇ ಡಾಕ್ಟ್ರೇ."

"ಸರಿ, ಇನ್ನು ಮೇಲೆ ಮಾತ್ರೆ ಎಣಿಸಿ ಕೊಡಿ."

ಹತ್ತು ದಿನ ಆಸ್ಪತ್ರೆ, ಆಮೇಲೆ ನಾಲ್ಕು ತಿಂಗಳು ಮಾತ್ರೆ, ತಪಾಸಣೆ. ಕಣ್ಣು ಬಿಳಿಯಾಯಿತು, ಪಾದ ಇಳಿಯಿತು. ಮಗ ಬಾಟಲಿ ಮುಟ್ಟಲಿಲ್ಲ. ಆದರೆ ಕತ್ತಿಯನ್ನೂ ಮುಟ್ಟಲಿಲ್ಲ. ಕೂದಲು ಕತ್ತರಿಸುತ್ತಿದ್ದ, ಗಡ್ಡಕ್ಕೆ ಬಂದವರನ್ನು ವಾಪಸು ಕಳಿಸುತ್ತಿದ್ದ. ಕೇಳಿದರೆ, "ಅದಿಲ್ಲದೆ ನನ್ನ ಕೈ ನಿಂತೀತು ಅನ್ನೋ ಧೈರ್ಯ ಇಲ್ಲಮ್ಮ," ಎನ್ನುತ್ತಿದ್ದ.

ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಅವಳು ಬಲೂನು ಊದಲು ಕೂತಳು. ಎಪ್ಪತ್ತರ ಉಸಿರು, ನಡುವೆ ಎರಡು ಸಲ ಸುಧಾರಿಸಿಕೊಳ್ಳಬೇಕಾಯಿತು.

"ಇದೇನಮ್ಮ, ನನ್ನ ಹುಟ್ಟುಹಬ್ಬನಾ?"

"ಹಾಗೇ ಅಂದ್ಕೋ. ನೊರೆ ಹಚ್ಚು."

ಬಲೂನನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಮುಂದೆ ಚಾಚಿದಳು. ಮಗನ ಕಣ್ಣು ಅಭ್ಯಾಸಬಲದಿಂದ ಕನ್ನಡಿಯ ಹಿಂದಿನ ಗೂಡಿಗೆ ಹೋಯಿತು. ಅಲ್ಲಿದ್ದದ್ದು ಮಾತ್ರೆಯ ಡಬ್ಬಿ. ನೊರೆ ಹಚ್ಚಿ ಬಲೂನಿನ ಮೇಲೆ ಕತ್ತಿ ಇಟ್ಟ.

ಢಮ್!

ನೊರೆಯೆಲ್ಲ ಅವಳ ಕನ್ನಡಕದ ಮೇಲೆ. ಮಗ ಕತ್ತಿ ಕೆಳಗಿಟ್ಟು ತಲೆ ತಗ್ಗಿಸಿದ. ಅವಳು ಟವಲಿನಿಂದ ನಿಧಾನವಾಗಿ ಮುಖ ಒರೆಸಿಕೊಂಡಳು.

"ಕೈಚೆಲ್ಲಿ ಕೂತ್ಕೋಬೇಡ. ಒಂದು ಡಜನ್ ತಂದಿದ್ದೀನಿ."

"ಏನ್ರೋ ಅದು, ಪಟಾಕಿ?" ಎಂದು ಬಾಗಿಲಲ್ಲಿ ಗಡ್ಡವೊಂದು ಇಣುಕಿತು. ಮೇಷ್ಟ್ರು! ಅವಳು ಇನ್ನೊಂದು ಬಲೂನು ಊದಿ ಹಿಡಿದಳು.

ಈ ಸಲ ಮಗ ಗೂಡಿನ ಕಡೆ ನೋಡಲಿಲ್ಲ. ಕತ್ತಿ ಮೇಲಿನಿಂದ ಇಳಿಯಿತು. ಕಿರ್ರೆಂದಿತು, ಒಡೆಯಲಿಲ್ಲ. ಪಟ್ಟಿಪಟ್ಟಿಯಾಗಿ ನೊರೆ ಹೋಗಿ ಬಲೂನಿನ ಕೆಂಪು ಬಣ್ಣ ಪೂರ್ತಿ ಕಂಡಿತು.

ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತು ಗದ್ದ ಎತ್ತಿದರು. "ಅಷ್ಟು ತೆಳ್ಳಗಿನ ಚರ್ಮ ಕೊಯ್ಯದೆ ಬಿಟ್ಟೆ ಅಂದ್ಮೇಲೆ ನನ್ನದೂ ಬಿಡ್ತೀಯ. ತೆಗೆಯಯ್ಯ ಈ ಪೊದೆ. ಬೇಸಿಗೆಯಲ್ಲಿ ಸಾಕಾಗಿಹೋಗಿದೆ."

ಬಿಸಿ ಟವಲು ಕೊಡುವಾಗ ಟವಲಮ್ಮನ ಕೈ ನಡುಗಿತು. ತೆಗೆದುಕೊಂಡ ಕೈ ನಡುಗಲಿಲ್ಲ.

ಸ್ವಲ್ಪ ಹೊತ್ತಿಗೆ ಪಕ್ಕದ ಚಪ್ಪಲಿ ಅಂಗಡಿಯವನು ಬಂದು ಜೋರಾಗಿ ಏನೋ ಕೇಳಿದ. ಟವಲಮ್ಮ ಸೆರಗು ಸರಿಮಾಡಿಕೊಂಡು, ಬಾಗಿಲ ತುಂಬ ನಿಂತಳು.

"ಮೆಲ್ಲಗೆ ಮಾತಾಡಪ್ಪ," ಎಂದಳು. "ಒಳಗೆ ಮೇಷ್ಟ್ರು ಗೊರಕೆ ಹೊಡೀತಿದ್ದಾರೆ."