ತಾತನ ಕೆಳಗಿನ ಸೆಟ್ಟು

ಆ ಮನೆಯಲ್ಲಿ ಹುಡುಗಿಗೆ ಯಾವುದಕ್ಕೂ ಕೊರತೆಯಿರಲಿಲ್ಲ, ಹೆದರಿಕೆಗಂತೂ ಇರಲೇ ಇಲ್ಲ. ಕೃತಕ ಹಲ್ಲು ಮಾಡುವ ಕೆಲಸ ಕಲಿಯಲು ಪರದೇಶಕ್ಕೆ ಬಂದವಳಿಗೆ ಕಾಲೇಜಿನವರೇ ಗೊತ್ತುಮಾಡಿಕೊಟ್ಟ ಮನೆ ಅದು. ಹಾಸಿಗೆಯ ಮೇಲೆ ಎರಡು ಕಂಬಳಿ, ಕಿಟಕಿ ಪಕ್ಕ ಓದುವ ಮೇಜು, ಎದ್ದ ಕೂಡಲೇ ಬಿಸಿ ಹಾಲು, ಹೊರಡುವಾಗ ಕೈಗೆ ಊಟದ ಡಬ್ಬಿ. ಇಷ್ಟೆಲ್ಲ ಮಾಡುತ್ತಿದ್ದ ಮನೆಯೊಡತಿ ಮಾತ್ರ ಮೂರು ತಿಂಗಳಲ್ಲಿ ಒಮ್ಮೆಯೂ ನಕ್ಕಿರಲಿಲ್ಲ. ತುಟಿ ಬಿಗಿದುಕೊಂಡೇ ಬಡಿಸುವಳು, ತುಟಿ ಬಿಗಿದುಕೊಂಡೇ ಇನ್ನೊಂಚೂರು ಹಾಕಲಾ ಎನ್ನುವಳು. ಅವಳ ಗಂಡನಿಗೆ ಲಿಫ್ಟ್ ರಿಪೇರಿ ಕೆಲಸ, ಬಾಯಿ ತೆರೆದರೆ ತಮಾಷೆ. ಅವನು ನಗಿಸಲು ನೋಡಿದಾಗಲೆಲ್ಲ ಇವಳು ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯತ್ತ ತಿರುಗಿಬಿಡುವಳು. ತಾನು ಬಂದದ್ದು ಈಕೆಗೆ ಹಿಡಿಸಿಲ್ಲ ಎಂದು ಹುಡುಗಿ ಮೊದಲ ವಾರವೇ ತೀರ್ಮಾನಿಸಿದ್ದಳು.

ಹೆದರಿಕೆಗೆ ಕಾರಣವೂ ಇತ್ತು. ಫ್ರಿಜ್ಜಿನ ಬಾಗಿಲಿಗೆ ಕಾಲೇಜಿನ ಫಾರಂ ಒಂದು ಅಂಟಿಕೊಂಡಿತ್ತು. ಈ ವಿದ್ಯಾರ್ಥಿನಿಯನ್ನು ಮುಂದೆಯೂ ಇಟ್ಟುಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಮನೆಯೊಡತಿ ಹೌದು ಅಥವಾ ಇಲ್ಲ ಎಂದು ಬರೆದು ಸಹಿ ಹಾಕಬೇಕು. ಇಲ್ಲ ಎಂದರೆ ಕೋಣೆಯ ಜೊತೆ ಸೀಟೂ ಹೋಯಿತು, ಗಂಟುಮೂಟೆ ಕಟ್ಟಿ ವಿಮಾನ ಹತ್ತುವುದೇ. ಸೋಮವಾರ ಕೊಡಬೇಕಾದ ಫಾರಂ ಶನಿವಾರ ಬೆಳಿಗ್ಗೆಯೂ ಖಾಲಿಯಾಗಿಯೇ ಇತ್ತು.

ಅದೇ ಬೆಳಿಗ್ಗೆ ಮನೆಯ ತಾತ, ಅಂದರೆ ಲಿಫ್ಟಿನವನ ಅಪ್ಪ, ಹುಡುಗಿಯನ್ನು ಮೂಲೆಗೆ ಕರೆದು ತನ್ನ ಕೆಳಗಿನ ಹಲ್ಲುಸೆಟ್ಟನ್ನು ಬಾಯಿಂದ ತೆಗೆದು ಅಂಗೈ ಮೇಲಿಟ್ಟ. ಒಂದು ಕಡೆ ಒತ್ತುತ್ತದೆ, ಎರಡು ವರ್ಷದಿಂದ ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ನುಂಗುತ್ತಿದ್ದೇನೆ, ಸೊಸೆಗೆ ಹೇಳಿದರೆ ಇಲ್ಲದ ಓಡಾಟ ಹಚ್ಚುತ್ತಾಳೆ, ನೀನೇ ಚೂರು ಉಜ್ಜಿಕೊಡು ಎಂದ. ಅವನು ಅವಳನ್ನು ಕರೆಯುತ್ತಿದ್ದುದೇ ಡಾಕ್ಟ್ರಮ್ಮ ಎಂದು. ಮೊದಲ ಸೆಮಿಸ್ಟರಿನ ಹುಡುಗಿ, ಡಾಕ್ಟ್ರಮ್ಮ ಎಂದದ್ದಕ್ಕೆ ಉಬ್ಬಿಹೋದಳು. ಉಂಡ ಮನೆಗೆ ಏನಾದರೂ ಮಾಡಬೇಕೆಂಬ ಆಸೆಯೂ ಇತ್ತೆನ್ನಿ. ಒದ್ದೆ ಕರವಸ್ತ್ರದಲ್ಲಿ ಸುತ್ತಿ ಊಟದ ಡಬ್ಬಿಯೊಳಗಿಟ್ಟುಕೊಂಡು ಕಾಲೇಜಿಗೆ ನಡೆದಳು.

ಲ್ಯಾಬಿನಲ್ಲಿ ಒಬ್ಬರೂ ಇರಲಿಲ್ಲ. ಸೆಟ್ಟಿನ ಒಳಮೈಯಲ್ಲಿ ಒತ್ತುತ್ತಿದ್ದ ಗಂಟನ್ನು ಹುಡುಕಿ ಕೆರೆದಳು. ಚೆನ್ನಾಗಿಯೇ ಕೆರೆದಳು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೊಳಪು ಕೊಟ್ಟೇಬಿಡೋಣ ಎಂದು ಪಾಲಿಶ್ ಚಕ್ರ ಹಾಕಿದಳು. ವೇಗ ಕಡಿಮೆ ಇಡಬೇಕು, ಕೆಳಗೆ ಒದ್ದೆ ಟವೆಲ್ ಹಾಸಬೇಕು ಎಂಬುದು ಮೊದಲ ದಿನದ ಪಾಠ. ಅವಳು ಎರಡನ್ನೂ ಮರೆತಳು. ಚಕ್ರ ಅವಳ ಕೈಯಿಂದ ಸೆಟ್ಟನ್ನು ಕಿತ್ತು ಎಸೆಯಿತು. ಸಿಂಕಿಗೆ ಬಡಿದು ನಡುಮಧ್ಯೆ ಎರಡು ಹೋಳಾಯಿತು.

ಹುಡುಗಿಯ ಜೀವ ಬಾಯಿಗೆ ಬಂತು. ನೆಲಕ್ಕೆ ಕೂತು ಹೋಳುಗಳನ್ನು ಹೆಕ್ಕಿದಳು. ಫ್ರಿಜ್ಜಿನ ಮೇಲಿನ ಫಾರಂ, ಬಿಗಿದ ತುಟಿ, ವಿಮಾನ ನಿಲ್ದಾಣದಲ್ಲಿ ಅಪ್ಪನ ಮುಖ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಅತ್ತುಕೊಂಡೇ ಹೋಳುಗಳನ್ನು ಮೇಣದಿಂದ ಕೂಡಿಸಿದಳು, ಕೆಳಗೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆದಳು, ಬಿರುಕನ್ನು ಅಗಲ ಮಾಡಿ ಒಸಡಿನ ಗುಲಾಬಿ ಬಣ್ಣದ ಅಕ್ರಿಲಿಕ್ ಪುಡಿ ಕಲಸಿ ತುಂಬಿದಳು. ಅದು ಗಟ್ಟಿಯಾಗುವವರೆಗೆ ಗಡಿಯಾರ ನೋಡುತ್ತ ನಿಂತಳು. ಆ ಮನೆಯಲ್ಲಿ ಸಂಜೆ ಆರಕ್ಕೆ ಸರಿಯಾಗಿ ಎಲ್ಲರೂ ಮೇಜಿಗೆ ಕೂರಬೇಕು.

ಐದು ನಿಮಿಷವಿದೆ ಎನ್ನುವಾಗ ಮನೆ ಸೇರಿದಳು. ಬಚ್ಚಲಿನ ಬಾಗಿಲಲ್ಲಿ ಬೊಚ್ಚುಬಾಯಿಯಲ್ಲಿ ಕಾಯುತ್ತಿದ್ದ ತಾತನ ಕೈಗೆ ಡಬ್ಬಿ ದಾಟಿಸಿದಳು. ಮುರಿದದ್ದು ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಡುಗೆಮನೆಯಿಂದ ಕರೆ ಬಂತು.

ಊಟಕ್ಕೆ ಕೂತದ್ದು ಮುಳ್ಳಿನ ಮೇಲೆ ಕೂತಂತೆಯೇ. ತಾತ ಹಾಲಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಬ್ರೆಡ್ಡಿನ ಗಟ್ಟಿ ಅಂಚನ್ನೇ ಮುರಿದು ಬಾಯಿಗಿಟ್ಟ. ಕಟಕ್ ಎಂದಿತು. ಹುಡುಗಿ ಕಣ್ಣು ಮುಚ್ಚಿಕೊಂಡಳು. ಒಡೆದದ್ದು ಬ್ರೆಡ್ಡೋ ಸೆಟ್ಟೋ ತಿಳಿಯುವ ಮೊದಲೇ ಇನ್ನೊಂದು ಕಟಕ್, ಮತ್ತೊಂದು. ಏನಪ್ಪ ಇವತ್ತು ಈ ಪಾಟಿ ಎಂದು ಮಗ ಕೇಳಿದ್ದಕ್ಕೆ ತಾತ ಹಸಿವು ಎಂದಷ್ಟೇ ಹೇಳಿ ಇನ್ನೊಂದು ಚೂರು ಎತ್ತಿಕೊಂಡ. ಮನೆಯೊಡತಿ ಮಾವನ ಬಾಯನ್ನು ನೋಡಿದಳು, ಆಮೇಲೆ ಹುಡುಗಿಯ ಕೈಯನ್ನು. ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಇನ್ನೂ ಬೆಳ್ಳಗಿತ್ತು.

ಊಟವಾದ ಮೇಲೆ ಅವಳು ಹುಡುಗಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು. ಫ್ರಿಜ್ಜಿನಿಂದ ಫಾರಂ ಕಿತ್ತು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಪೆನ್ನಿಟ್ಟಳು. ಹುಡುಗಿ ಕೈಗಳನ್ನು ಬೆನ್ನ ಹಿಂದೆ ಸರಿಸಿದಳು.

"ಮಾವನ ಹಲ್ಲು ದಿನಾ ತೊಳೆಯೋಳು ನಾನು. ಈಗ್ಲೂ ತೊಳ್ದೆ. ಮಧ್ಯದಲ್ಲಿ ಹೊಸ ಗೆರೆ ಇದೆ" ಎಂದಳು.

ಹುಡುಗಿ ಎಲ್ಲ ಒಪ್ಪಿಕೊಂಡಳು. ಚಕ್ರ, ಸಿಂಕು, ಹೋಳು, ಒಂದನ್ನೂ ಬಿಡಲಿಲ್ಲ. ಕಳಿಸಬೇಡಿ ಆಂಟಿ ಎಂದು ಎಷ್ಟು ಸಲ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಮನೆಯೊಡತಿ ಬೆನ್ನು ತಿರುಗಿಸಿ ನಲ್ಲಿ ಬಿಟ್ಟು ಬಗ್ಗಿದಳು. ತಿರುಗಿದಾಗ ಅವಳ ಮೇಲ್ದುಟಿ ಒಳಕ್ಕೆ ಹೋಗಿತ್ತು, ಮುಖಕ್ಕೆ ಹತ್ತು ವರ್ಷ ಹೆಚ್ಚಾಗಿತ್ತು. ಅಂಗೈಯಲ್ಲಿ ನಾಲ್ಕು ಮುಂದಿನ ಹಲ್ಲುಗಳ ಒಂದು ಪ್ಲೇಟು ಕೂತಿತ್ತು.

"ಮದ್ವೆಗೆ ಮುಂಚೆ ಮೆಟ್ಟಿಲಿಂದ ಬಿದ್ದಿದ್ದೆ" ಎಂದಳು, ಗಾಳಿ ಸೋರುವ ದನಿಯಲ್ಲಿ. "ನಮ್ಮನೆಯವ್ರಿಗೆ ಇವತ್ತಿಗೂ ಗೊತ್ತಿಲ್ಲ. ಈಗೀಗ ಸಡಿಲ ಆಗಿದೆ. ನಕ್ರೆ ಜಾರತ್ತೆ. ಡಾಕ್ಟ್ರ ಹತ್ರ ಹೋದ್ರೆ ಇವ್ರೂ ಜೊತೇಲಿ ಬರ್ತಾರೆ. ನೀನೇ ಗುಟ್ಟಾಗಿ ಬಿಗಿ ಮಾಡ್ಕೊಡು."

ಹಲ್ಲಿನದೇ ವಿದ್ಯೆ ಕಲಿಯಲು ಸಮುದ್ರ ದಾಟಿ ಬಂದವಳು, ಮೂರು ತಿಂಗಳು ಎದುರಿಗೇ ಕೂತು ಉಂಡು, ಪ್ಲೇಟು ಜಾರುವ ಬಾಯನ್ನು ಗಂಟುಮುಖ ಎಂದುಕೊಂಡಿದ್ದಳು. ಹುಡುಗಿಗೆ ತಲೆ ಎತ್ತಲಾಗಲಿಲ್ಲ.

"ಇದೂ ಮುರಿದ್ರೆ?" ಎಂದು ಕೇಳಿದಳು.

"ಅಂಟಿಸೋಕೆ ಬರತ್ತಲ್ಲ ನಿಂಗೆ."

ಆಗ ಹೊರಗೆ ಚಪ್ಪಲಿ ಸದ್ದಾಯಿತು. ಕಾಫಿ ಇದೆಯೇನೇ ಎನ್ನುತ್ತ ಗಂಡ ಬರುತ್ತಿದ್ದ. ಮನೆಯೊಡತಿ ಗಾಬರಿಯಿಂದ ಪ್ಲೇಟನ್ನು ಬಾಯಿಗಿಡಹೋದಳು. ಒದ್ದೆ ಕೈಯಿಂದ ಪ್ಲೇಟು ಜಾರಿ ಸಿಂಕಿನೊಳಗೆ ಉರುಳಿತು. ಆ ಹೆದರಿಕೆ ಎಂಥದ್ದೆಂದು ಹುಡುಗಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದೇ ನೆಗೆತಕ್ಕೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಒಂದ್ನಿಮಿಷ ಅಂಕಲ್, ಬರಬೇಡಿ. ಆಂಟಿ ನನ್ನ ಫಾರಂ ತುಂಬ್ತಿದಾರೆ."

ಹಿಡಿಕೆ ಒಮ್ಮೆ ತಿರುಗಿತು. ಅವಳು ಮೈಭಾರವನ್ನೆಲ್ಲ ಬಾಗಿಲ ಮೇಲೆ ಹಾಕಿದಳು. ಮನೆಯೊಡತಿ ಒಂದು ಕೈಯಿಂದ ಸಿಂಕಿನಲ್ಲಿ ತಡಕಾಡುತ್ತ, ಇನ್ನೊಂದು ಕೈಯಿಂದ ಪೆನ್ನಿನ ಮುಚ್ಚಳ ತೆಗೆದಳು.