ಪಾಚಿಗೆ ಕಾರಣ

"ಸಮ್ಮೇದ್ ಸರ್, ಸತ್ಯ ಹೇಳಿ. ಮೀನಿಗೆ ದಿನಕ್ಕೆ ಎಷ್ಟು ಫೀಡ್ ಹಾಕ್ತೀರಿ?"

ಅಝೀಮ್ ಉಪ್ಪುನೀರಿನ ಗಾಜಿನ ಮೀನುತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಕಲ್ಲಿನಿಂದ ಒಂದು ಹಿಡಿ ಪಾಚಿ ಕಿತ್ತು ಮೇಲೆತ್ತಿದ್ದ. ಬಿ.ಸಿ.ರೋಡಿನಲ್ಲಿ ಅವನದು ಮೀನಿನ ಅಂಗಡಿ, ಸಾಕುವ ಮೀನಿನದು. ತಿನ್ನುವ ಮೀನಿನದಾಗಿದ್ದರೆ ಮೂಡುಬಿದಿರೆಯ ಈ ಜೈನರ ಮನೆಯ ಚಾವಡಿಯಲ್ಲಿ ಅವನಿಗೆ ಕೆಲಸವೇ ಇರುತ್ತಿರಲಿಲ್ಲ.

"ಬೆಳಿಗ್ಗೆ ಒಂದು ಚಿಟಿಕೆ. ನೀವು ಹೇಳಿದಷ್ಟೇ," ಎಂದ ಸಮ್ಮೇದ್.

"ಒಂದು ಚಿಟಿಕೆಗೆ ಇಷ್ಟು ಪಾಚಿ ಬರುವುದಿಲ್ಲ ಮಾರಾಯ್ರೆ. ಬೇರೆ ಏನೋ ಬೀಳ್ತಾ ಉಂಟು ನೀರಿಗೆ."

ಪಾಚಿ ಶುರುವಾಗಿ ಆರು ವಾರವಾಗಿತ್ತು. ಮೊದಲು ಮರಳಿನ ಮೇಲೆ ಕಂದು ಪುಡಿ, ಆಮೇಲೆ ಗಾಜಿಗೆ ಕೆಂಪು ಲೋಳೆ, ಈಗ ಕಲ್ಲುಗಳ ತುಂಬ ಹಸಿರು ಕೂದಲು. ಸಮ್ಮೇದ್ ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದೇ ಕಲ್ಲು ತಿಕ್ಕಿದ. ವಾರಕ್ಕೆರಡು ಸಲ ನೀರು ಬದಲಿಸಿದ. ಮೂರು ದಿನ ಲೈಟ್ ಆರಿಸಿ ಗಾಜಿಗೆ ಕಪ್ಪು ಬಟ್ಟೆ ಹೊದೆಸಿದ. ಸ್ವಂತ ಬಟ್ಟೆ ಅಂಗಡಿ ಇರುವವನಿಗೆ ಅದಕ್ಕೇನು ಬರ! ಬಟ್ಟೆ ತೆಗೆದ ನಾಲ್ಕನೇ ದಿನ ಪಾಚಿ ಮತ್ತೆ ಹಾಜರು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಎರಡು ಕಿತ್ತಳೆ ಮೀನುಗಳಲ್ಲಿ ಒಂದು ಕಳೆದ ಭಾನುವಾರ ಸತ್ತಿತ್ತು.

ತೊಟ್ಟಿಗೆ ತಾಗಿಕೊಂಡೇ ಅವನ ತಾಯಿ ರಾಜೀವಿಯಮ್ಮನ ಮಂಚವಿತ್ತು. ಮೂರು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿದು ಎಡಗೈ ಸೋತಿತು, ಗಂಟಲೂ ಸೋತಿತು. ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆಗೆ ಆಹಾರ ಕೊಟ್ಟರು. ಹಗಲೂ ಕೊಟ್ಟರು, ರಾತ್ರಿಯೂ ಕೊಟ್ಟರು. ಸೂರ್ಯ ಮುಳುಗಿದ ಮೇಲೆ ಐವತ್ತು ವರ್ಷಗಳಿಂದ ತೊಟ್ಟು ನೀರನ್ನೂ ಬಾಯಿಗೆ ಹಾಕದ ಹೆಂಗಸು ಅವರು. ಮನೆಗೆ ಕಳಿಸುವಾಗ ಡಾಕ್ಟರು ನಳಿಗೆ ತೆಗೆದು ಒಂದು ಮಾತು ಹೇಳಿದ್ದರು: ಬಾಯಿಂದಲೇ ಸಾಕಷ್ಟು ಉಂಡರೆ ಸರಿ, ತೂಕ ಇಳಿದರೆ ಮತ್ತೆ ನಳಿಗೆ. ತೂಕ ನೋಡುವ ದಿನ ಬರುವ ಸೋಮವಾರ.

ಅಂದಿನಿಂದ ಸಮ್ಮೇದನ ಜೀವವೆಲ್ಲ ಅಮ್ಮನ ಬಟ್ಟಲಿನಲ್ಲಿತ್ತು. ದಿನಾ ಮಧ್ಯಾಹ್ನ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ ಅಂಗಡಿಯಿಂದ ಓಡಿ ಬಂದು, ಕುಚ್ಚಲಕ್ಕಿ ಗಂಜಿಗೆ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ ಕೊಡುತ್ತಿದ್ದ. "ನೀನು ನೋಡ್ತಾ ಕೂತರೆ ನನಗೆ ಇಳಿಯುವುದಿಲ್ಲ ಮಗಾ, ಬಾಯಿಂದ ಸೋರ್ತದೆ, ನಾಚಿಕೆ ಆಗ್ತದೆ," ಎಂದು ಅವರು ಅವನನ್ನು ಅಂಗಡಿಗೆ ಅಟ್ಟುತ್ತಿದ್ದರು. ಅರ್ಧ ಗಂಟೆ ಬಿಟ್ಟು ಬಂದರೆ ಬಟ್ಟಲು ಖಾಲಿ. ಬೆಳ್ತಂಗಡಿಯ ಶಾಲೆಯಿಂದ ಏಳು ಗಂಟೆಗೆ ಬರುವ ಹೆಂಡತಿಗೆ ಅವನು ಆ ಖಾಲಿ ಬಟ್ಟಲನ್ನು ಎತ್ತಿ ತೋರಿಸುತ್ತಿದ್ದ. ಅಮ್ಮನ ರವಿಕೆ ಸಡಿಲವಾಗಿದ್ದು ಇಬ್ಬರಿಗೂ ಕಾಣದೆ ಇರಲಿಲ್ಲ. ಕಾಯಿಲೆ ಬಿದ್ದವರು ಬಡವಾಗದೆ ಇರುತ್ತಾರೆಯೇ ಎಂದು ಇಬ್ಬರೂ ಸಮಾಧಾನ ಮಾಡಿಕೊಂಡಿದ್ದರು.

ಅಝೀಮ್ ಈಗ ನೆಲದ ಮೇಲೆ ಕೂತು ತೊಟ್ಟಿಯ ಕೆಳಗಿನ ಫಿಲ್ಟರ್ ಪೆಟ್ಟಿಗೆ ಬಿಚ್ಚತೊಡಗಿದ. ಅದನ್ನು ಮೂರು ತಿಂಗಳಿಗೊಮ್ಮೆ ಅವನೇ ಬಂದು ಬಿಚ್ಚುವುದು ರೂಢಿ. ಕೊಳೆತ ವಾಸನೆ ಚಾವಡಿಗೆಲ್ಲ ಹರಡಿತು. ಸ್ಪಂಜನ್ನು ಬಕೆಟಿನ ಮೇಲೆ ಹಿಂಡಿದ. ನೀರಿನ ಜೊತೆ ಉಬ್ಬಿದ ಕೆಂಪು ಅಗುಳುಗಳು ಪಟಪಟ ಉದುರಿದವು. ಎರಡನೇ ಸ್ಪಂಜು ಹಿಂಡಿದ. ಅದರಿಂದಲೂ ಅನ್ನ, ಹೆಸರುಬೇಳೆ.

"ಅಯ್ಯೋ ದೇವರೇ! ಮೀನಿಗೆ ಊಟ ಬಡಿಸ್ತೀರಾ ಸರ್ ನೀವು?" ಅಝೀಮ್ ನಕ್ಕುಬಿಟ್ಟ. ಆರು ವಾರದ ತಲೆನೋವಿಗೆ ಕಾರಣ ಸಿಕ್ಕಿದ ಖುಷಿ ಅವನಿಗೆ. "ಇದೊಂದು ನಿಲ್ಲಿಸಿ. ಹದಿನೈದು ದಿನದಲ್ಲಿ ನೀರು ಕನ್ನಡಿ ಆಗ್ತದೆ."

ಸಮ್ಮೇದನಿಗೆ ನಗು ಬರಲಿಲ್ಲ. ಅವನು ಬಕೆಟಿನೊಳಗೆ ನೋಡಿದ, ಮಂಚದ ಕಡೆ ನೋಡಿದ. ರಾಜೀವಿಯಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿದ್ದರು. ಅಝೀಮನ ನಗು ಅಲ್ಲೇ ನಿಂತಿತು. ಅವನು ಪೆಟ್ಟಿಗೆ ತೊಳೆದು ಜೋಡಿಸಿ, "ಫೋನ್ ಮಾಡ್ತೇನೆ," ಎಂದು ಮೆಲ್ಲನೆ ಹೊರಟುಹೋದ.

"ಎಷ್ಟು ದಿನದಿಂದ ಅಮ್ಮ?"

"ಎರಡು ಚಮಚ ಇಳೀತದೆ ಮಗಾ. ಮೂರನೇದು ನೆತ್ತಿಗೆ ಹತ್ತುತ್ತದೆ, ಉಸಿರು ಕಟ್ಟಿದ ಹಾಗೆ ಆಗ್ತದೆ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಡಾಕ್ಟ್ರಿಗೆ ಹೇಳ್ತಿ." ಸೆರಗಿನ ಒಳಗಿಂದಲೇ ಮಾತು ತೊದಲಿ ಬಂತು. "ಅಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಹಾಲು ಹೊಯ್ದ್ರು. ಬೇಡ ಅಂತ ಕೈ ಅಡ್ಡ ಮಾಡಿದೆ, ಇದ್ದ ಒಂದು ಕೈಯನ್ನೂ ಮಂಚಕ್ಕೆ ಕಟ್ಟಿದ್ರು. ಅನ್ನ ಬಿಸಾಡಿದ್ರೆ ಪಾಪ ಅಲ್ವ? ಅದೂ ಒಂದು ಜೀವ, ತಿನ್ನಲಿ ಅಂತ ಹಾಕಿದೆ." ಸೆರಗನ್ನು ಚೂರು ಸರಿಸಿ ಕೇಳಿದರು, "ಆ ಮೀನು ಸತ್ತದ್ದು ನಾನು ಹಾಕಿದ್ದರಿಂದಲಾ?"

"ಅಲ್ಲಮ್ಮ. ಅದಕ್ಕೆ ವಯಸ್ಸಾಗಿತ್ತು," ಎಂದು ಸಮ್ಮೇದ್ ಸುಳ್ಳು ಹೇಳಿದ.

ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಖಾಲಿ ಬಟ್ಟಲನ್ನು ನಂಬಿದ ತನ್ನ ಮೇಲೆಯೇ ಇರಬೇಕು. ಅಡುಗೆಮನೆಗೆ ಹೋಗಿ ಗಂಜಿ ಬಿಸಿ ಮಾಡಿದ, ಮಿಕ್ಸಿಯಲ್ಲಿ ನುಣ್ಣಗೆ ತಿರುವಿದ. ಮಂಚದ ಅಂಚಿನಲ್ಲಿ ಕೂತು ಅಮ್ಮನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದಾಗ ಪಕ್ಕೆಲುಬುಗಳು ಒಂದೊಂದಾಗಿ ಅಂಗೈಗೆ ಸಿಕ್ಕಿದವು. ಸೋಮವಾರಕ್ಕೆ ನಾಲ್ಕೇ ದಿನ ಉಳಿದಿತ್ತು.

"ಇವತ್ತು ನಾನು ಅಂಗಡಿಗೆ ಹೋಗುವುದಿಲ್ಲ. ಮೆಲ್ಲ ತಿನ್ನುವ."

ಮೊದಲ ಚಮಚ ಇಳಿಯಿತು. ಎರಡನೆಯದಕ್ಕೆ ಅವರು ಕಣ್ಣು ಮುಚ್ಚಿ, ಕತ್ತು ಮುಂದೆ ಬಾಗಿಸಿ ನುಂಗಿದರು. ಕಣ್ಣಿನಲ್ಲಿ ನೀರು ಬಂತು. "ಸಾಕು ಮಗಾ, ಹೊತ್ತು ಮುಳುಗ್ತಾ ಉಂಟು."

"ಇನ್ನು ಒಂದು. ನನಗೋಸ್ಕರ."

ಅವನ ಮುಖ ನೋಡಿ ರಾಜೀವಿಯಮ್ಮ ಬಾಯಿ ತೆರೆದರು. ಗಂಜಿ ಒಳಗೆ ಹೋಯಿತು, ಆದರೆ ಗಂಟಲು ಅಲುಗಲಿಲ್ಲ. ಬಲಗೆನ್ನೆ ಮಾತ್ರ ಉಬ್ಬಿ ನಿಂತಿತು. ಸಮ್ಮೇದ್ ಬೆನ್ನು ಸವರಿದ, ಕಾದ. ಎದುರುಮನೆಯ ಹಂಚಿನ ಮೇಲಿದ್ದ ಬಿಸಿಲು ತೆಳುವಾಗುತ್ತ ಬಂದು ಇಲ್ಲವಾಯಿತು. ಅವರು ಕಿಟಕಿಯ ಹೊರಗೆ ನೋಡಿದರು, ಮಗನನ್ನು ನೋಡಿದರು. ನುಂಗುವುದಕ್ಕೆ ಹೊತ್ತು ಮೀರಿತ್ತು. ಉಗುಳುವುದಕ್ಕೆ ಮಗ ಎದುರಿಗೆ ಕೂತಿದ್ದ.

ಸಮ್ಮೇದ್ ಬಟ್ಟಲನ್ನು ನೆಲದ ಮೇಲಿಟ್ಟ. ತನ್ನ ಅಂಗೈಯನ್ನು ಅವರ ಗಲ್ಲದ ಕೆಳಗೆ ಹಿಡಿದ.

"ಉಗುಳಿ ಅಮ್ಮ. ತೊಂದರೆ ಇಲ್ಲ."

ಅವರು ಇಲ್ಲವೆಂದು ತಲೆಯಾಡಿಸಿದರು. ಅವನು ಕೈ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ತುಟಿಗಳು ಸಡಿಲಗೊಂಡವು. ಅಂಗೈಗೆ ಬಿದ್ದ ಗಂಜಿ ಇನ್ನೂ ಬೆಚ್ಚಗಿತ್ತು.